ಹೊಟ್ಟೆ ತುಂಬಿದ ಕೌದಿ

ನೀವು ಹೊದೆಯುವ ಹೊದಿಕೆಗೆ ಊಟ ಆಗಿದೆಯಾ? ನಗಬೇಡಿ, ನಾನು ತಮಾಷೆಗೆ ಕೇಳುತ್ತಿಲ್ಲ. ಸರಿ, ಸ್ವಲ್ಪ ತಮಾಷೆಗೇ ಕೇಳುತ್ತಿದ್ದೇನೆ ಅಂತಿಟ್ಟುಕೊಳ್ಳಿ. ಮನೆಯ ನಾಯಿಗೆ ಹಾಕುತ್ತೀರಿ, ಬೆಕ್ಕಿಗೆ ಹಾಕುತ್ತೀರಿ, ಕರೆಯದೆ ಬಂದ ನೆಂಟರಿಗೂ ಬಡಿಸುತ್ತೀರಿ. ಚಳಿಗಾಲವಿಡೀ ನಿಮ್ಮನ್ನು ಬೆಚ್ಚಗಿಡುವ ಹೊದಿಕೆಗೆ ಎಂದಾದರೂ ನಾಲ್ಕು ಕಾಳು ಹಾಕಿದ್ದೀರಾ? ನಾನೂ ಹಾಕಿರಲಿಲ್ಲ. ಎಪ್ಪತ್ತು ವರ್ಷ ಹಸಿದ ಹೊದಿಕೆಗಳ ಕೆಳಗೇ ಮಲಗಿ ಎದ್ದವಳು ನಾನು.

ಇದನ್ನೆಲ್ಲ ಫೋನಿನಲ್ಲಿ ಬರೆಯುತ್ತಿದ್ದೇನೆ. ಕೆಲಸ ಮಾಡುವುದು ಬಲಗೈಯ ತೋರುಬೆರಳು ಒಂದೇ. ಉಳಿದ ನಾಲ್ಕು ಪಕ್ಕದಲ್ಲಿ ನಿಂತು ನೋಡುತ್ತವೆ, ನಮ್ಮ ತೋಟದಲ್ಲಿ ಒಬ್ಬ ಗುಂಡಿ ತೆಗೆಯುವಾಗ ನಾಲ್ಕು ಜನ ನೋಡುವ ಹಾಗೆ. ಮೊಮ್ಮಗಳು ದೀಪ್ತಿ ಗೋಣಿಕೊಪ್ಪಲು ಕಾಲೇಜಿಗೆ ಹೋಗುವವಳು. ಅವಳೇ ಮೂರು ಭಾನುವಾರ ಕೂತು ಕಲಿಸಿದಳು. ಮೂರನೇ ಭಾನುವಾರ, "ಅಜ್ಜಿ, ನಿಂಗೆ ಇನ್ನು ನಾನು ಬೇಡ," ಎಂದು ಎದ್ದು ಹೋದಳು. ಅದು ಹೊಗಳಿಕೆಯೋ ತಪ್ಪಿಸಿಕೊಂಡದ್ದೋ ಇನ್ನೂ ಗೊತ್ತಾಗಿಲ್ಲ.

ಬರೆಯುವಾಗ ನನ್ನ ಮಡಿಲ ಮೇಲೆ ಒಂದು ಕೌದಿ ಇರುತ್ತದೆ. ಹಳೆ ಬಟ್ಟೆಯ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಕೈಯಲ್ಲಿ ಹೊಲಿದ ದಪ್ಪ ಹೊದಿಕೆ. ಇವತ್ತಿನ ಮಾತು ಅದರದ್ದೇ.

ನನ್ನ ತವರು ಭಾಗಮಂಡಲದ ಕಡೆ. ಅಲ್ಲಿ ಹಳೆ ಸೀರೆಗೆ ನಿವೃತ್ತಿ ಅಂತ ಇರಲಿಲ್ಲ. ಮೊದಲು ಅವ್ವ ಅದನ್ನು ಮದುವೆ ಮುಂಜಿಗೆ ಉಡುತ್ತಿದ್ದಳು, ಆಮೇಲೆ ಗದ್ದೆ ಕೆಲಸಕ್ಕೆ. ಆಮೇಲೆ ಅದು ಜೋಲಿಯಾಗಿ ತೊಲೆಗೆ ನೇತಾಡುತ್ತಿತ್ತು. ಜೋಲಿಯಲ್ಲಿದ್ದ ಮಗು ನಡೆಯಲು ಕಲಿತ ಮೇಲೆ ಕರಿಮೆಣಸು ಒಣಗಿಸುವ ಹಾಸಾಗುತ್ತಿತ್ತು. ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ನನ್ನ ತಮ್ಮನನ್ನು ತೂಗಿದ ಹಸಿರು ಸೀರೆಯ ಮೇಲೆ ಒಣಗಿದ ಮೆಣಸನ್ನು ನಾನು ಆರಿಸಿದ್ದೇನೆ. ಅದರಲ್ಲಿದ್ದ ಒಂದು ಕಲೆಯನ್ನು ನೆಂಟರ ಮುಂದೆ ತೋರಿಸಿ ಅವನನ್ನು ಅಳಿಸಿದ್ದೂ ಉಂಟು. ಆದರೆ ಅಂಥ ಸೀರೆಗಳನ್ನು ಹೊಲಿದು ಹೊದಿಕೆ ಮಾಡುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ. ನಮಗೆ ಇದ್ದದ್ದು ಕರಿ ಕಂಬಳಿ. ಬೆಚ್ಚಗೇನೋ ಇತ್ತು, ಆದರೆ ಹಲಸಿನಕಾಯಿಯನ್ನು ತಬ್ಬಿಕೊಂಡು ಮಲಗಿದ ಹಾಗೆ.

ಮದುವೆಯಾಗಿ ಬಾಳೆಲೆಗೆ ಬಂದೆ. ಸುತ್ತ ಕೊಡವರ ಮನೆಗಳು, ನಡುವೆ ಅರೆಭಾಷೆ ಆಡುವ ಗೌಡರು ನಾವು, ಹತ್ತಿಪ್ಪತ್ತು ಎಕರೆ ಕಾಫಿ. ಪ್ರತಿವರ್ಷ ಕಾಫಿ ಕೊಯ್ಲಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನಿನ ಮನೆಗಳಲ್ಲಿ ಇರುತ್ತಾರೆ, ಪಿಕ್ಕಿಂಗ್ ಮುಗಿದರೆ ಲಾರಿ ಹತ್ತಿ ಹೊರಡುತ್ತಾರೆ. ಹಾಗೆ ಒಂದು ವರ್ಷ ಬಂದ ಲಾರಿಯಿಂದ ಜೂಲಿ ಇಳಿದಳು. ಜೊತೆಗೆ ಗಂಡ, ಮಗಳು ನಿರ್ಮಲಾ, ತಲೆಯ ಮೇಲೆ ಒಂದು ಬಟ್ಟೆಗಂಟು. ಕಪ್ಪಗೆ ಹೊಳೆಯುವ ಮೈ, ಗುಂಗುರು ಕೂದಲು, ನನಗಿಂತ ಒಂದು ಮೊಳ ಎತ್ತರ. ನಾನು ಅಂಗಳದಲ್ಲಿ ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ.

"ನೀನು ಯಾವ ದೇಶದವಳಮ್ಮ?" ಎಂದು ಕೇಳಿದೆ. ಅದೂ ನಿಧಾನಕ್ಕೆ, ಗಟ್ಟಿಯಾಗಿ, ಕಿವಿ ಕೇಳದವರ ಹತ್ತಿರ ಮಾತಾಡುವ ಹಾಗೆ.

"ಹಳಿಯಾಳ ತಾಲೂಕ್ರಿ ಅಮ್ಮಾರ," ಎಂದಳು. "ನಿಮ್ದು ಯಾವ ದೇಶ್ರಿ? ನಿಮ್ಮ ಕನ್ನಡ ನನಗ ಅರ್ಧ ತಿಳೀವಲ್ದು."

ಲಾರಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಯಜಮಾನಿತನ ತೋರಿಸಿದೆ.

"ನೋಡಮ್ಮ, ನಮ್ಮಲ್ಲಿ ಒಂದು ರೂಲ್ ಉಂಟು. ಕೆಲಸಕ್ಕೆ ಬರುವಾಗ ಫೋನು ಲೈನಿನಲ್ಲಿಟ್ಟು ಬರಬೇಕು. ತೋಟದೊಳಗೆ ಅದನ್ನು ಕಂಡರೆ ನನಗೆ ಆಗಿಬರುವುದಿಲ್ಲ."

ಆ ದಿನಗಳಲ್ಲಿ ಫೋನ್ ಹಿಡಿದವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗ ನನ್ನನ್ನು ಕಂಡು ಸೊಸೆಗೆ ಉರಿಯುತ್ತದೆ, ಅದು ಬೇರೆ ಮಾತು.

ಜೂಲಿ ಸಿದ್ದಿಯವಳು. ಅವಳ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದಿದ್ದರಂತೆ. ಆ ದುಡಿಮೆಯಿಂದ ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿ ಕನ್ನಡದವರೇ ಆದರು. ಇದನ್ನೆಲ್ಲ ದೀಪ್ತಿ ನನಗೆ ಹೇಳಿದಳು. ಆದರೆ ಗೋಣಿಕೊಪ್ಪಲಿನ ಅಂಗಡಿಯವರಿಗೆ ಹೇಳುವವರು ಯಾರು? ಒಂದು ಸಂತೆಯ ದಿನ ನಾವಿಬ್ಬರೂ ಒಟ್ಟಿಗೆ ಹೋಗಿದ್ದೆವು. ಬಟ್ಟೆ ಅಂಗಡಿಯವನು ಜೂಲಿಯನ್ನು ನೋಡಿ, ಟೂರಿಸ್ಟ್ ಎಂದುಕೊಂಡು, ತನಗೆ ಬರುವ ಅಷ್ಟೂ ಇಂಗ್ಲಿಷ್ ಖರ್ಚು ಮಾಡಿದ. ಜೂಲಿ ತಲೆಯಾಡಿಸುತ್ತಾ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, "ಅಣ್ಣಾರ, ಮುಗೀತೇನ್ರಿ? ಈಗ ಖರೇ ರೇಟ್ ಹೇಳ್ರಿ," ಎಂದಳು. ಅವನ ಮುಖ ನೋಡಲು ನಾನು ಇನ್ನೊಮ್ಮೆ ಬಸ್ ಚಾರ್ಜು ಕೊಟ್ಟು ಹೋಗಬಲ್ಲೆ.

ಸಂಜೆ ಕೆಲಸ ಬಿಟ್ಟ ಮೇಲೆ ಅವಳು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕೂತು ಹೊಲಿಯುತ್ತಿದ್ದಳು. ಮೆಷಿನ್ ಇಲ್ಲ, ಗೆರೆ ಎಳೆಯುವುದಿಲ್ಲ, ಅಳತೆ ಪಟ್ಟಿ ಇಲ್ಲ. ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಿದ್ದಳು, ಹಸು ಗೂಟ ಸುತ್ತುತ್ತಾ ಹತ್ತಿರ ಬರುವ ಹಾಗೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಒಂದೊಂದು ಹೂ. ಅದಕ್ಕೆ ಅವರು ಫುಲಾ ಅನ್ನುತ್ತಾರೆ. ಫುಲಾ ಇಲ್ಲದ ಕೌದಿ ಬೆತ್ತಲೆಯಂತೆ.

ಆ ವರ್ಷವೇ ನನ್ನ ಯಜಮಾನರು ಹೋಗಿದ್ದು. ಹದಿನಾರು ದಿನ ಜನ, ಆಮೇಲೆ ಮನೆಯೆಲ್ಲ ದೊಡ್ಡದಾಯಿತು. ಮಂಡಿನೋವು, ಜ್ವರ, ಯಾವುದನ್ನು ಹೊದ್ದರೂ ನಡುಕ. ಒಂದು ದಿನ ಜೂಲಿ ಬಂದು, "ಅಮ್ಮಾರ, ನಿಮ್ಮ ಹಳೇ ಸೀರಿ ಎಲ್ಲಾ ಕೊಡ್ರಿ," ಎಂದಳು. ನಾನು ಟ್ರಂಕ್ ತೆಗೆದೆ. ಮೊದಲ ಮಗ ಹುಟ್ಟಿದಾಗ ತವರಿನವರು ಕೊಟ್ಟ ಕುಂಕುಮ ಬಣ್ಣದ್ದು, ಚೆಟ್ಟಳ್ಳಿಯ ಮದುವೆಯೊಂದರಲ್ಲಿ ಪಾಯಸ ಚೆಲ್ಲಿದ ಹಳದಿಯದು, ಒಂದೇ ಸಲ ಉಟ್ಟು ಯಜಮಾನರು "ಪರದೆ ಹಾಗೆ ಉಂಟು" ಅಂದದ್ದಕ್ಕೆ ಮಡಚಿಟ್ಟ ನೀಲಿ. ಗಂಟಿನ ಕೆಳಗೆ, ಅವಳಿಗೆ ಕಾಣದ ಹಾಗೆ, ಅವರ ಚೌಕುಳಿ ಅಂಗಿಯೊಂದನ್ನೂ ತುರುಕಿದೆ. ಕೇಳಿದರೆ ಏನು ಹೇಳುವುದು ಅಂತ ಹೆದರಿಕೆ. ಅವಳು ಕೇಳಲಿಲ್ಲ.

ಎರಡು ತಿಂಗಳ ಮೇಲೆ ಕೌದಿ ತಂದು ನನ್ನ ಮಂಚದ ಮೇಲೆ ಹಾಸಿದಳು. ಅಂಗಿಯ ಜೇಬನ್ನು ಹೊಲಿದು ಮುಚ್ಚಿರಲಿಲ್ಲ. ಸರಿಯಾಗಿ ನನ್ನ ಬಲಗೈಗೆ ಸಿಗುವ ಕಡೆ, ಬಾಯಿ ತೆರೆದುಕೊಂಡು ಇತ್ತು.

"ಅಜ್ಜಾರ ಕಿಸೆ ಬಿಟ್ಟೀನ್ರಿ," ಎಂದಳು. "ನಿಮ್ಮ ಚಾಳೀಸ ಇಟ್ಕೊಳ್ಳಾಕ ಬರ್ತೈತಿ."

ನಲವತ್ತೇಳು ವರ್ಷ ಆ ಮನುಷ್ಯ ನನ್ನ ಕನ್ನಡಕ ಎಲ್ಲಿ ಅಂತ ಹುಡುಕಿಕೊಟ್ಟಿದ್ದರು. ಈಗಲೂ ಅವರ ಜೇಬಿನಲ್ಲೇ ಸಿಗುತ್ತದೆ.

ಆ ಕೌದಿಯನ್ನು ಪಕ್ಕದ ತೋಟದ ಪೊನ್ನಮ್ಮ ನೋಡಿದಳು. ಅವಳದ್ದು ಹೋಂಸ್ಟೇ ಉಂಟು, ಎಂಟು ಮಂಚದ್ದು. ಮುಟ್ಟಿ ನೋಡಿದಳು, ತಿರುಗಿಸಿ ನೋಡಿದಳು, ಹೊದ್ದುಕೊಂಡು ನನ್ನ ಮಂಚದಲ್ಲೇ ಕಾಲು ಚಾಚಿದಳು. ಎದ್ದವಳೇ, "ಜೂಲಿ, ನನಗೆ ಇಂಥದ್ದು ಎಂಟು ಬೇಕು. ಚೆನ್ನಾಗಿ ಬಂದರೆ ಚೆಟ್ಟಳ್ಳಿಯ ನನ್ನ ತಂಗಿಗೂ ಬೇಕಾಗ್ತದೆ," ಎಂದಳು.

ನಿಮಗೆ ಇದು ಎಂಟು ಹೊದಿಕೆಯ ಮಾತು. ಜೂಲಿಗೆ ಹಾಗಲ್ಲ. ನಿರ್ಮಲಾ ಆಗ ಆರನೇ ಕ್ಲಾಸು. ಅಷ್ಟರಲ್ಲಿ ನಾಲ್ಕು ಸ್ಕೂಲು ನೋಡಿಯಾಗಿತ್ತು, ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ಹೋದ ಕಡೆಯೆಲ್ಲ ಒಂದೊಂದು. ಐದನೆಯದು ನಮ್ಮ ಬಾಳೆಲೆಯದ್ದು, ಇಲ್ಲಿ ಅವಳಿಗೆ ಮೊದಲ ಸಲ ಒಬ್ಬಳು ಗೆಳತಿ ಸಿಕ್ಕಿದ್ದಳು. ಪಿಕ್ಕಿಂಗ್ ಮುಗಿದು ಲಾರಿ ಬಂದಾಗ ಜೂಲಿ ಗಂಡನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. "ನೀ ಹೋಗು. ಎಂಟೂ ಮುಗಿಯೂತನ ನಾವಿಬ್ರೂ ಇಲ್ಲೇ ಇರ್ತೀವಿ. ಕೌದಿ ಅವ್ರಿಗೆ ಒಪ್ಪಿಗಿ ಆದ್ರ ನೀನ ಇಲ್ಲಿಗೆ ಬಾ. ಆಗ್ಲಿಲ್ಲಂದ್ರ ಮುಂದಿನ ಲಾರಿ ಹತ್ತತೀವಿ."

ಗೇಟಿನ ಪಕ್ಕ, ರಸ್ತೆಗೆ ಬಾಗಿಲಿರುವ ನಮ್ಮ ಹಳೆ ಮೆಣಸಿನ ಕೋಣೆ ಖಾಲಿ ಬಿದ್ದಿತ್ತು. ಒಪ್ಪಿಗೆಯಾದರೆ ಅದನ್ನು ಬಾಡಿಗೆಗೆ ಹಿಡಿಯುವುದು, ಊರಿನಿಂದ ಇಬ್ಬರು ಹೆಂಗಸರನ್ನು ಕರೆಸುವುದು, ಕೂತು ಹೊಲಿಯುವುದು. ಇಷ್ಟು ಅವಳ ಲೆಕ್ಕ.

ಅಲ್ಲಿಂದ ನಾನು ಅವಳಿಗೆ ಸಹಾಯ ಮಾಡಲು ಶುರು ಮಾಡಿದೆ. ದೇವರೇ ಅವಳನ್ನು ಕಾಪಾಡಿದ.

ಮೊದಲ ಸಹಾಯ, ಪೊನ್ನಮ್ಮನ ಹತ್ತಿರ. "ಗೊತ್ತಿರುವವರಲ್ವಾ, ಜೂಲಿ ರೇಟ್ ನೋಡಿ ಹಾಕ್ತಾಳೆ ಬಿಡು," ಎಂದುಬಿಟ್ಟೆ. ಪೊನ್ನಮ್ಮ ಹೋದ ಮೇಲೆ ಜೂಲಿ ಬಹಳ ಮೆತ್ತಗೆ ಕೇಳಿದಳು.

"ಅಮ್ಮಾರ, ನೀವು ಕಾಫಿ ಮಾರೂವಾಗ ಗುರ್ತಿನವ್ರಿಗೆ ಕಡಿಮಿ ಮಾಡ್ತೀರೇನ್ರಿ?"

ನಾನು ಕಾಫಿ ಕೊಳ್ಳುವವನ ಅಂಗಡಿಯಲ್ಲಿ ಒಂದು ಮೂಟೆಗೆ ಹತ್ತು ರೂಪಾಯಿ ಜಾಸ್ತಿಗಾಗಿ ಎರಡು ಲೋಟ ಟೀ ಕುಡಿಯುವಷ್ಟು ಹೊತ್ತು ಕೂರುವವಳು. 

ಎರಡನೇ ಸಹಾಯ, ಫೋನಿನಲ್ಲಿ. ಯಜಮಾನರು ಹೋದ ಮೇಲೆ ಹೊತ್ತು ಕಳೆಯಲೆಂದು ನಾನೂ ಫೋನು ಹಿಡಿದಿದ್ದೆ, ಹೊಸದಾಗಿ ಟೈಪ್ ಕಲಿತ ಉತ್ಸಾಹ. ಕೌದಿಯ ಫೋಟೋ ಹಾಕಿ ನಮ್ಮ ನೆಂಟರ ಗುಂಪಿಗೆ ಕಳಿಸೋಣ ಎಂದು ಅರ್ಧ ಗಂಟೆ ಕೂತು ಬರೆದೆ: ಪಾಪದ ಸಿದ್ದಿ ಹೆಂಗಸು, ಬಹಳ ಕಷ್ಟದಲ್ಲಿದ್ದಾಳೆ, ದಯವಿಟ್ಟು ಎಲ್ಲರೂ ಕೊಂಡು ಉಪಕಾರ ಮಾಡಿ. ಹೆಮ್ಮೆಯಿಂದ ಅವಳಿಗೆ ಓದಿ ಹೇಳಿದೆ.

"ಕಳಿಸಬ್ಯಾಡ್ರಿ," ಎಂದಳು. "ನಾ ಪಾಪದಕಿ ಅಲ್ರಿ. ಕೌದಿ ಬೆಚ್ಚಗ ಐತಿ ಅಂತ ಬರೀರಿ. ಯಾರು ಹೊಲಿದ್ರು ಅಂತ ನನ್ನ ಹೆಸರು ಬರೀರಿ. ಸಾಕು."

ಬರೆಯಲು ಅರ್ಧ ಗಂಟೆ ಹಿಡಿದದ್ದನ್ನು ಅಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಹೋದದ್ದು ಎರಡು ಸಾಲು. ಅದನ್ನು ನೋಡಿ ನನ್ನ ನಾದಿನಿ ಒಬ್ಬಳು, ಮಡಿಕೇರಿಯವಳು, ತನಗೂ ಒಂದು ಕೌದಿ ಬೇಕು ಎಂದಳು. ಆ ಉದ್ದ ಕಥೆ ಕಳಿಸಿದ್ದರೆ ಎಲ್ಲರೂ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದರು.

ಮೂರನೇ ಸಹಾಯ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೇಳಿಬಿಡುತ್ತೇನೆ.

ಎಂಟೂ ಕೌದಿ ಮುಗಿಯುವಷ್ಟರಲ್ಲಿ ಇನ್ನೊಂದು ಚಳಿಗಾಲ ಬಾಗಿಲಿಗೆ ಬಂದಿತ್ತು. ಮರುದಿನ ಪೊನ್ನಮ್ಮನ ಮನೆಗೆ ಆ ಚಳಿಗಾಲದ ಮೊದಲ ಗೆಸ್ಟುಗಳು. ಇವತ್ತು ಮೂರು ಗಂಟೆಗೆ ಜೀಪು ತರುತ್ತೇನೆ ಎಂದು ಹೇಳಿ ಕಳಿಸಿದ್ದಳು. ಜೂಲಿ ಎಂಟನ್ನೂ ನಮ್ಮ ಜಗಲಿಯಲ್ಲಿಟ್ಟು ನಿರ್ಮಲಾಳ ಸ್ಕೂಲಿಗೆ ಹೋಗಿದ್ದಳು. ನಾನು ಒಬ್ಬಳೇ. ಸುಮ್ಮನೆ ಕೂರುವ ಜಾತಿಯವಳಲ್ಲ ನಾನು. ಚೆನ್ನಾಗಿ ಮಡಚಿಡೋಣ ಎಂದು ಒಂದನ್ನು ಎತ್ತಿದೆ. ನಡುಮಧ್ಯೆ ಒಂದು ಸಣ್ಣ ಕೆಂಪು ಚೌಕದ ಅಡಿಯಲ್ಲಿ ಏನೋ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಇನ್ನೊಂದನ್ನು ಮುಟ್ಟಿದೆ. ಅದರಲ್ಲೂ. ಎಂಟರಲ್ಲೂ.

ಕತ್ತರಿ ತಂದೆ. ಒಂದರ ಕೆಂಪು ಚೌಕ ಬಿಚ್ಚಿದರೆ ಒಳಗೆ ಅಕ್ಕಿ ಕಾಳು.  ಹೊಲಿಯುವಾಗ ಮಡಿಲಲ್ಲಿ ಅಕ್ಕಿ ಆರಿಸುತ್ತಿದ್ದಳೇನೋ, ಒಳಗೆ ಬಿದ್ದುಬಿಟ್ಟಿದೆ ಅಂದುಕೊಂಡೆ. ಎಂಟರಲ್ಲೂ ಸರಿಯಾಗಿ ನಡುವಿಗೇ ಹೇಗೆ ಬಿತ್ತು ಅಂತ ಯೋಚಿಸುವಷ್ಟು ಬುದ್ಧಿ ಆಗ ಬರಲಿಲ್ಲ. ಬಂದದ್ದು ಬರೀ ಹೆದರಿಕೆ. ನುಸಿ ಹಿಡಿಯುತ್ತದೆ, ಇಲಿ ಬರುತ್ತದೆ, ಬೆಂಗಳೂರಿನ ಗೆಸ್ಟು ಕಿರುಚುತ್ತಾನೆ, ಪೊನ್ನಮ್ಮ ಎಂಟನ್ನೂ ವಾಪಸ್ ಎಸೆಯುತ್ತಾಳೆ, ಜೂಲಿ ಲಾರಿ ಹತ್ತುತ್ತಾಳೆ. ಸರಸರ ಎಂಟನ್ನೂ ಬಿಚ್ಚಿದೆ. ಅಕ್ಕಿ ತೆಗೆದು ಅಂಗಳಕ್ಕೆ ಎರಚಿದೆ, ಕೋಳಿಗಳು ಓಡಿ ಬಂದವು. ಬಿಚ್ಚಿದ್ದನ್ನು ಮತ್ತೆ ಹೊಲಿಯಲು ಸೂಜಿ ಸಿಗಲಿಲ್ಲ. ಕಾಫಿ ಮೂಟೆ ಹೊಲಿಯುವ ದಬ್ಬಣ ಸಿಕ್ಕಿತು, ಗೋಣಿದಾರ ಸಿಕ್ಕಿತು. ಅದರಲ್ಲೇ ಹೊಲಿದೆ. ಮೂಲೆಯ ಫುಲಾಗಳೂ ಯಾಕೋ ಜೋತಾಡುವ ಹಾಗೆ ಕಂಡವು, ಕತ್ತರಿಸಿ ಅಂಚು ನೇರ ಮಾಡೋಣ ಎಂದು ಕತ್ತರಿ ಎತ್ತಿದೆ. ಅಷ್ಟರಲ್ಲಿ ಜೂಲಿ ಬಂದಳು.

ಅವಳು ಬೈಯಲಿಲ್ಲ. ನೋಡಿದಳು. ದಪ್ಪ ಬಿಳಿ ಗೋಣಿದಾರವನ್ನು ನೋಡಿದಳು, ಕೋಳಿಗಳನ್ನು ನೋಡಿದಳು.

"ಕೌದಿ ಊಟ ತಗದು ಕೋಳಿಗೆ ಹಾಕೀರಿ," ಎಂದಳು.

"ಊಟ ಎಂಥದ್ದು ಮಾರಾಯ್ತಿ? ನುಸಿ ಹಿಡೀತದೆ ಅಂತ..."

"ನಡುವಿನದು ಕೌದಿ ಹೊಟ್ಟಿ ರಿ. ಅದನ್ನ ಖಾಲಿ ಬಿಡಬಾರ್ದು. ಹೊಟ್ಟಿ ತುಂಬಿಸಿ ಮುಚ್ಚಿದ್ರ ಹೊದ್ದವ್ರ ಮನ್ಯಾಗ ಅನ್ನ ತಪ್ಪೂದಿಲ್ಲ ಅಂತ ನಮ್ಮವ್ವ, ಅವರವ್ವ, ಎಲ್ಲಾರೂ ಹಂಗ ಮಾಡ್ಕೊಂಡು ಬಂದಾರ. ಹೋಗಿ ನಿಮ್ಮ ಕೌದಿ ಮುಟ್ಟಿ ನೋಡ್ರಿ."

ಒಳಗೆ ಹೋಗಿ ಮುಟ್ಟಿ ನೋಡಿದೆ. ಕುಂಕುಮ ಬಣ್ಣದ ಸೀರೆಯ ಚೌಕ, ಅದರಡಿ ಐದು ಕಾಳು. ವರ್ಷದಿಂದ ಹೊದ್ದಿದ್ದೆ. ಇಲಿ ಬಂದಿರಲಿಲ್ಲ, ನುಸಿ ಬಂದಿರಲಿಲ್ಲ. ಮಂಚದ ಮೇಲೆ ಕೂತುಬಿಟ್ಟೆ. ಗಂಡ ಸತ್ತ ಮನೆಯಲ್ಲಿ ನನಗೆ ಊಟ ಸೇರದೆ ಇದ್ದ ದಿನಗಳಲ್ಲಿ, ಯಾರೋ ಒಬ್ಬಳು ನನಗೆ ಗೊತ್ತಿಲ್ಲದ ಹಾಗೆ ನನಗಾಗಿ ಐದು ಕಾಳು ಎತ್ತಿಟ್ಟಿದ್ದಳು.

ಹೊರಗೆ ಜೀಪಿನ ಸದ್ದು. ಓಡಿ ಬಂದೆ.

"ಇವತ್ತು ಕೊಡಾಂಗಿಲ್ರಿ," ಎಂದು ಜೂಲಿ ಪೊನ್ನಮ್ಮನಿಗೆ ಹೇಳುತ್ತಿದ್ದಳು.

"ಎಂತ ಜೂಲಿ ನೀನು? ನಾಳೆ ಬೆಳಿಗ್ಗೆ ಗೆಸ್ಟ್ ಬರ್ತಾರೆ. ಇವತ್ತು ಇಲ್ಲ ಅಂದ್ರೆ ನಾನು ಮೈಸೂರಿಂದ ರಗ್ಗು ತರಿಸ್ತೇನೆ."

"ತರಸ್ರಿ. ಖಾಲಿ ಹೊಟ್ಟೀದು ನಾ ಕೊಡಾಂಗಿಲ್ಲ."

ಅವಳ ದನಿ ಗಟ್ಟಿಯಾಗಿತ್ತು, ಆದರೆ ಕೈ ಸೆರಗಿನ ತುದಿಯನ್ನು ತಿರುಚುತ್ತಾ ಇತ್ತು. ಬಾಗಿಲ ಹತ್ತಿರ ನಿರ್ಮಲಾ, ಸ್ಕೂಲ್ ಬ್ಯಾಗು ಇನ್ನೂ ಬೆನ್ನಿನ ಮೇಲೆ. ಯಾರೂ ಕೇಳದಿದ್ದರೂ ಹೋದ ಕಡೆಯೆಲ್ಲ ಮಾತಾಡುವ ನನಗೆ, ಮಾತಾಡಲೇಬೇಕಾದ ಹೊತ್ತಿನಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಅನ್ನಿಸಿತು. ಹೇಗೋ ಹೇಳಿದೆ. ಅಕ್ಕಿಯನ್ನು ಹೇಳಿದೆ, ಕತ್ತರಿಯನ್ನು ಹೇಳಿದೆ, ಗೋಣಿದಾರವನ್ನೂ ಬಿಡಲಿಲ್ಲ. ತಪ್ಪು ನನ್ನದು, ಅವಳದ್ದಲ್ಲ ಎಂದೆ.

ಪೊನ್ನಮ್ಮ ನನ್ನನ್ನೇ ನೋಡಿದಳು. "ಅಕ್ಕ, ನಿಮ್ಮ ಮದುವೆಯಲ್ಲಿ ದೊಡ್ಡವರೆಲ್ಲ ನಿಮ್ಮ ಮಂಡಿಗೆ, ಹೆಗಲಿಗೆ, ತಲೆಗೆ ಅಕ್ಕಿ ಹಾಕಿದ್ರಲ್ಲ, ಆಗ ನುಸಿ ಬರ್ತದೆ ಅಂತ ಎದ್ದು ಕೊಡವಿಕೊಂಡ್ರಾ?"

ಹೌದಲ್ಲ. ಅಕ್ಕಿ ಹಾಕಿ ಹರಸುವ ಊರಿನಲ್ಲಿ ಹುಟ್ಟಿ, ಅಕ್ಕಿ ಹಾಕಿಸಿಕೊಂಡು ಈ ಮನೆಗೆ ಬಂದು, ನನಗೆ ಇದು ಹೊಳೆಯಲಿಲ್ಲ. ನಮ್ಮ ಮನೆಯದ್ದಾದರೆ ಶಾಸ್ತ್ರ, ಲೈನಿನಲ್ಲಿರುವವಳು ಮಾಡಿದರೆ ಕಸ ಅಂದುಕೊಂಡಿದ್ದೆ. ಅಷ್ಟೇ ವಿಷಯ. ಟೈಪ್ ಮಾಡುವಾಗಲೂ ಬೆರಳು ಸ್ವಲ್ಪ ತಡೆಯುತ್ತದೆ.

ಪೊನ್ನಮ್ಮ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕೂತಳು. "ಎಷ್ಟು ಕಾಳು ಹಾಕಬೇಕು, ಜೂಲಿ?"

"ಐದೈದು ರಿ."

"ನನ್ನ ಮನೆಯ ಮಂಚದ್ದು. ಹಾಗಾದರೆ ನನ್ನ ಗದ್ದೆಯ ಅಕ್ಕಿ ಹಾಕೋಣ." ಜೀಪಿನ ಡ್ರೈವರನ್ನು ಅಕ್ಕಿ ತರಲು ಮನೆಗೆ ಓಡಿಸಿದಳು.

ದೀಪ್ತಿ ಕಾಲೇಜಿನಿಂದ ಬಂದವಳು ಜಗಲಿಯ ತುಂಬ ಕೌದಿ, ನಡುವೆ ನಾವು, ಮೂಲೆಯಲ್ಲಿ ನಾನು ಮಂಕಾಗಿ ಕೂತದ್ದನ್ನು ನೋಡಿ, "ಅಜ್ಜಿ, ನಿಂಗೆ ಎಂತಾತ್?" ಎಂದಳು. ಎಲ್ಲರೂ ನಕ್ಕರು. ಅವಳೂ ಕೂತಳು. ಗೋಣಿದಾರ ಬಿಚ್ಚುವ ಕೆಲಸ ಅವಳಿಗೆ. ಕಾಳು ಇಡುವುದು ಪೊನ್ನಮ್ಮನಿಗೆ. ಮುಚ್ಚಿ ಹೊಲಿಯುವುದು ಜೂಲಿಗೆ ಮಾತ್ರ. ನನಗೆ ಸೂಜಿಗೆ ದಾರ ಪೋಣಿಸುವ ಕೆಲಸ ಕೊಟ್ಟರು, ಅದೂ ನಿರ್ಮಲಾಳ ಮೇಲ್ವಿಚಾರಣೆಯಲ್ಲಿ. ಎಂಟನೆಯದಕ್ಕೆ ಬಂದಾಗ ಜೂಲಿ ಅಕ್ಕಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.  ನಾನು ಐದು ಕಾಳು ಎಣಿಸಿ ಇಟ್ಟೆ. ಬೆರಳಿಗೆ ಅಂಟಿದ್ದ ಒಂದು ಜಾಸ್ತಿ ಬಿತ್ತು. "ಇರ್ಲಿ ಬಿಡ್ರಿ, ಅದು ದೊಡ್ಡ ಮಂಚದ್ದು," ಎಂದು ಮುಚ್ಚಿ ಹೊಲಿದಳು. ಬೆಳಕಿರುವಾಗಲೇ ಎಂಟೂ ಜೀಪು ಹತ್ತಿದವು.

ಈಗ ಮೆಣಸಿನ ಕೋಣೆಯ ಬಾಗಿಲು ದಿನಾ ತೆರೆದಿರುತ್ತದೆ. ಜೂಲಿ, ಅವಳ ಊರಿನ ಇಬ್ಬರು, ನಮ್ಮ ಲೈನಿನ ಒಬ್ಬಳು. ಗಂಡ ಬಂದು ಇಲ್ಲೇ ತೋಟದ ಕೆಲಸಕ್ಕೆ ಸೇರಿದ್ದಾನೆ. ಚೆಟ್ಟಳ್ಳಿಯ ತಂಗಿಯದ್ದು ಮುಗಿದು, ಈಗ ತಂಗಿಯ ಗೆಸ್ಟುಗಳದ್ದು ನಡೆಯುತ್ತಿದೆ. ನಿರ್ಮಲಾ ಏಳನೇ ಕ್ಲಾಸು, ಅದೇ ಸ್ಕೂಲು, ಅದೇ ಗೆಳತಿ. ದಿನಾ ಜಗಳ, ದಿನಾ ರಾಜಿ. ಜೂಲಿಯಂಥವರು ಮುಂದೆ ಬರಲು ನಾವು ಏನು ಮಾಡಬೇಕು ಅಂತ ಮೊನ್ನೆ ಊರಿನ ಮಹಿಳಾ ಸಂಘದ ಮೀಟಿಂಗಿನಲ್ಲಿ ಯಾರೋ ಕೇಳಿದರು. ಎದ್ದು ನಿಂತು ಹೇಳೋಣ ಅನ್ನಿಸಿತು: ಹಳೆ ಸೀರೆ ಕೊಡಿ, ಹೇಳಿದ ರೇಟ್ ಕೊಡಿ, ಹೆಸರು ಸರಿಯಾಗಿ ಬರೆಯಿರಿ, ಖಾಲಿ ಕೋಣೆ ಇದ್ದರೆ ಬೀಗ ತೆಗೆಯಿರಿ, ಆಮೇಲೆ ದೂರ ಕೂತು ದಾರ ಪೋಣಿಸಿ. ಹೇಳಲಿಲ್ಲ. ಹೇಳಿದ್ದರೆ ಕತ್ತರಿಯ ಕಥೆಯನ್ನೂ ಹೇಳಬೇಕಾಗುತ್ತಿತ್ತು. ನಾನು ಅವಳಿಗೆ ಮಾಡಿದ ಸಹಾಯ ಇಷ್ಟು, ಅವಳು ನನಗೆ ಮಾಡಿದ್ದು ನನ್ನ ಮಡಿಲ ಮೇಲಿದೆ. ಜೇಬಿನಲ್ಲಿ ಕನ್ನಡಕವೂ ಇದೆ.

ಫೋಟೋ ತೆಗೆದು ಕಳಿಸುವುದು, ಬಂದ ಮೆಸೇಜಿಗೆ ಉತ್ತರ ಟೈಪ್ ಮಾಡುವುದು ಮಾತ್ರ ಈಗ ನನ್ನ ಪಾಲು, ಅದೂ ಮನೆಯಲ್ಲೇ ಕೂತು. ಮೊನ್ನೆ ಬೇಜಾರಾಗಿ ಮೆಣಸಿನ ಕೋಣೆಯ ಬಾಗಿಲಿಗೆ ಹೋಗಿ ನಿಂತೆ.

"ಜೂಲಿ, ನನ್ನನ್ನೂ ಇಲ್ಲಿ ಕೆಲಸಕ್ಕೆ ಸೇರಿಸಿಕೋ ಮಾರಾಯ್ತಿ."

ಅವಳು ಹಲ್ಲಿನಿಂದ ದಾರ ಕಡಿದಳು. ಎದ್ದು ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ನಿಧಾನಕ್ಕೆ.

"ಬರ್ರಿ ಅಮ್ಮಾರ," ಎಂದಳು. "ಆದ್ರ ನಮ್ಮಲ್ಲಿ ಒಂದು ರೂಲ್ ಐತಿ. ಕೆಲಸಕ್ಕ ಬರೂವಾಗ ಫೋನು ತರ್ರಿ, ಕತ್ತರಿ ಮನ್ಯಾಗ ಇಟ್ಟು ಬರ್ರಿ."